ಹಿತ್ತಲ ಕೋಯಿ ಕೊಳದ ಬ್ಯಾರಲ್ ಫಿಲ್ಟರ್: ದೋಷ ಎಲ್ಲಿದೆ ಎಂದು ಕಂಡುಹಿಡಿಯುವ ಬಗೆ

ವಿಜಯಪುರದ ನಮ್ಮ ಮನೆಯ ಹಿತ್ತಲಲ್ಲಿರುವ ಕೊಳ 12 ಅಡಿ ಉದ್ದ, 7 ಅಡಿ ಅಗಲ, 3 ಅಡಿ ಆಳವಿದೆ. ಒಂದು ಘನ ಅಡಿಗೆ 28.3 ಲೀಟರ್ ಎಂದು ಹಿಡಿದರೆ ಅದರಲ್ಲಿ ಸುಮಾರು 7,100 ಲೀಟರ್ ನೀರು ನಿಲ್ಲುತ್ತದೆ. ಒಂಬತ್ತು ಕೋಯಿ ಮೀನುಗಳಿರುವ ಈ ಕೊಳದ ನೀರನ್ನು ಸೋಸಲು ನಾನು 200 ಲೀಟರಿನ ಮೂರು ನೀಲಿ ಪ್ಲಾಸ್ಟಿಕ್ ಬ್ಯಾರಲ್‌ಗಳನ್ನು ಸಾಲಾಗಿ ನಿಲ್ಲಿಸಿ ಒಂದು ಫಿಲ್ಟರ್ ಕಟ್ಟಿಕೊಂಡಿದ್ದೇನೆ. ಕೊಳದ ತಳದಲ್ಲಿರುವ ಪಂಪು ನೀರನ್ನು ಒಂದನೆಯ ಬ್ಯಾರಲ್‌ಗೆ ಎತ್ತುತ್ತದೆ. ಅಲ್ಲಿ ದಪ್ಪ ಕಸ ತಳಕ್ಕೆ ಕೂರುತ್ತದೆ. ಎರಡನೆಯದರಲ್ಲಿ ಬ್ರಷ್‌ಗಳು ಮತ್ತು ಫೋಮ್ ಇದ್ದು ಸಣ್ಣ ಕಸವನ್ನು ಹಿಡಿಯುತ್ತವೆ. ಮೂರನೆಯದರಲ್ಲಿ ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ನಾರು, ಕತ್ತರಿಸಿದ ವೈರಿಂಗ್ ಪೈಪಿನ ತುಂಡುಗಳು ಮತ್ತು ಭಟ್ಟಿಯಲ್ಲಿ ಹೆಚ್ಚು ಬೆಂದು ಕರಿಯಾದ ಇಟ್ಟಂಗಿಯ ಚೂರುಗಳು ಕೆಂಪು ಜಾಳಿಗೆಯ ಉಳ್ಳಾಗಡ್ಡಿ ಚೀಲಗಳಲ್ಲಿ ತುಂಬಿಕೊಂಡಿವೆ. ಬ್ಯಾಕ್ಟೀರಿಯಾಗಳು ಮನೆ ಮಾಡಿಕೊಳ್ಳುವುದು ಇಲ್ಲಿಯೇ. ಕೊನೆಗೆ ನೀರು ತನ್ನಷ್ಟಕ್ಕೆ ತಾನು ಇಳಿದು ಕೊಳಕ್ಕೆ ಮರಳುತ್ತದೆ.

ಇಂಥ ಫಿಲ್ಟರ್ ಕಟ್ಟುವುದು ಎರಡು ದಿನದ ಕೆಲಸ. ಅದು ಕೈಕೊಟ್ಟಾಗ ಕಾರಣ ಹುಡುಕುವುದು ಕೆಲವೊಮ್ಮೆ ಎರಡು ತಿಂಗಳ ಕೆಲಸವಾಗುತ್ತದೆ, ಏಕೆಂದರೆ ದೋಷ ಒಂದು ಕಡೆ ಇದ್ದು ಅದರ ಲಕ್ಷಣ ಇನ್ನೊಂದು ಕಡೆ ಕಾಣಿಸುತ್ತದೆ. ನೀರು ಹಸಿರಾದರೆ ಪಾಚಿಯ ಔಷಧ, ಮೀನು ಸೊರಗಿದರೆ ಮೀನಿನ ಔಷಧ ಎಂದು ಸುರಿಯುತ್ತ ಹೋದವರ ಕೊಳಗಳನ್ನು ನಾನು ನೋಡಿದ್ದೇನೆ. ಅವುಗಳಲ್ಲಿ ನನ್ನದೂ ಒಂದು. ಆದ್ದರಿಂದ ಈ ಕೈಪಿಡಿಯಲ್ಲಿ ಅನುಸರಿಸಿರುವ ಕ್ರಮ ಒಂದೇ: ಮೊದಲು ಹರಿವನ್ನು ಅಳೆಯಬೇಕು, ಆಮೇಲೆ ನೀರನ್ನು ಪರೀಕ್ಷಿಸಬೇಕು, ಈ ಎರಡೂ ಅಂಕಿಗಳು ಕೈಗೆ ಬರುವವರೆಗೆ ಕೊಳಕ್ಕೆ ಏನನ್ನೂ ಹಾಕಬಾರದು.

ಹರಿವಿನ ಅಳತೆ

ನೀರಿನಲ್ಲಿ ಕೈ ಇಡುವ ಮೊದಲು ಪಂಪಿನ ಪ್ಲಗ್ಗನ್ನು ಕಿತ್ತಿಡಬೇಕು. ಸ್ವಿಚ್ ಆರಿಸಿದರೆ ಸಾಲದು. ಹಳೆಯ ವೈರಿಂಗ್ ಇರುವ ಮನೆಗಳಲ್ಲಿ ಸ್ವಿಚ್ಚು ನ್ಯೂಟ್ರಲ್ ತಂತಿಯ ಮೇಲೆ ಇದ್ದು, ಆರಿಸಿದ ಮೇಲೂ ಪಂಪಿನಲ್ಲಿ ಕರೆಂಟ್ ಉಳಿದಿರಬಹುದು. ಕೊಳದ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಲೈನು ಕಡಿಯುವ ಬ್ರೇಕರ್) ಹಾಕಿಸದೆ ನೀರಿನೊಳಗಿನ ಪಂಪನ್ನು ಓಡಿಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಬ್ರೇಕರ್ ಪದೇ ಪದೇ ಬೀಳುತ್ತಿದ್ದರೆ ಬೈಯಬೇಕಾದದ್ದು ಬ್ರೇಕರನ್ನಲ್ಲ; ಪಂಪಿನ ಸೀಲು ಹೋಗಿದೆ, ಇಲ್ಲವೇ ಕೇಬಲ್ಲಿನ ಜೋಡಣೆಯಲ್ಲಿ ನೀರು ಹೊಕ್ಕಿದೆ.

ಹರಿವನ್ನು ಅಳೆಯಲು ಒಂದು ಬಕೆಟ್ ಸಾಕು. ಮೂರನೆಯ ಬ್ಯಾರಲ್‌ನಿಂದ ಕೊಳಕ್ಕೆ ನೀರು ಬೀಳುವ ಪೈಪಿನ ಬಾಯಿಗೆ 20 ಲೀಟರ್ ಗುರುತಿರುವ ಬಕೆಟ್ ಹಿಡಿದು, ಆ ಗುರುತಿನವರೆಗೆ ತುಂಬಲು ಎಷ್ಟು ಸೆಕೆಂಡು ಬೇಕು ಎಂದು ನೋಡಿ, 72,000ವನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಲೀಟರ್ ಹರಿಯುತ್ತಿದೆ ಎಂಬುದು ತಿಳಿಯುತ್ತದೆ. 20 ಸೆಕೆಂಡು ಹಿಡಿದರೆ 3,600 ಲೀಟರ್, 40 ಸೆಕೆಂಡು ಹಿಡಿದರೆ 1,800 ಲೀಟರ್. ಬಕೆಟ್ಟಿನ ಮೇಲೆ ಅಂಗಡಿಯವರು ಹೇಳಿದ ಅಳತೆಯನ್ನು ನಂಬದೆ, ಒಂದು ಲೀಟರಿನ ಬಾಟಲಿಯಿಂದ 20 ಸಲ ಸುರಿದು ನೀವೇ ಗೆರೆ ಎಳೆದುಕೊಳ್ಳುವುದು ಒಳ್ಳೆಯದು. ನಮ್ಮ ಮನೆಯ ‘20 ಲೀಟರ್’ ಬಕೆಟ್ಟು ಕಂಠದವರೆಗೆ ತುಂಬಿದರೂ ಹದಿನೇಳಕ್ಕೇ ಮುಗಿಯಿತು.

ಕೊಳದ ಪೂರ್ತಿ ನೀರು ಎರಡು ಗಂಟೆಗೆ ಒಮ್ಮೆಯಾದರೂ ಫಿಲ್ಟರಿನ ಮೂಲಕ ಹಾದುಹೋಗಬೇಕು. ನನ್ನ ಕೊಳಕ್ಕೆ ಅದು ಗಂಟೆಗೆ 3,550 ಲೀಟರ್. ಹೊಸ ಪಂಪು ತಂದಾಗ ಡಬ್ಬಿಯ ಮೇಲೆ 5,000 ಎಂದು ಬರೆದಿತ್ತು, ಬಕೆಟ್ಟಿನ ಲೆಕ್ಕದಲ್ಲಿ ಸಿಕ್ಕಿದ್ದು 2,400. ಪಂಪಿನಲ್ಲಿ ದೋಷವಿರಲಿಲ್ಲ. ಡಬ್ಬಿಯ ಮೇಲಿನ ಅಂಕಿ ನೀರನ್ನು ಒಂದು ಇಂಚೂ ಎತ್ತದೆ ಇದ್ದಾಗ ಸಿಗುವ ಅಂಕಿ. ಕೊಳದ ನೀರಿನ ಮಟ್ಟದಿಂದ ಬ್ಯಾರಲ್ಲಿನ ಬಾಯಿಯವರೆಗಿನ ಎತ್ತರ, ಅಂದರೆ ಹೆಡ್, ಹೆಚ್ಚಾದಂತೆಲ್ಲ ಅದು ಇಳಿಯುತ್ತದೆ. ಅದರ ಮೇಲೆ ನಾನು ಮುಕ್ಕಾಲು ಇಂಚಿನ ಪೈಪು ಹಾಕಿ, ಗೋಡೆಯ ಮೂಲೆಗಳಿಗೆ ಅಂದವಾಗಿ ಹೊಂದಲಿ ಎಂದು ಆರು ಎಲ್ಬೋ (ಪೈಪನ್ನು ತಿರುಗಿಸುವ ಬಾಗು) ಜೋಡಿಸಿದ್ದೆ. ಒಂದೂವರೆ ಇಂಚಿನ ಪೈಪಿಗೆ ಬದಲಾಯಿಸಿ, ಎಲ್ಬೋಗಳನ್ನು ಎರಡಕ್ಕೆ ಇಳಿಸಿ, ಬ್ಯಾರಲ್‌ಗಳ ಕೆಳಗಿನ ಕಟ್ಟೆಯನ್ನು ಅರ್ಧ ಅಡಿ ತಗ್ಗಿಸಿದ ಮೇಲೆ ಅದೇ ಪಂಪು 3,600 ಕೊಟ್ಟಿತು.

ಈ ಮೊದಲ ದಿನದ ಅಂಕಿಯನ್ನು ಬ್ಯಾರಲ್ಲಿನ ಮೇಲೆಯೇ ಮಾರ್ಕರ್ ಪೆನ್ನಿನಿಂದ ಬರೆದಿಡಬೇಕು. ಮುಂದೆ ಯಾವುದೇ ದೂರು ಬಂದರೂ ಹೋಲಿಸಬೇಕಾದದ್ದು ಅದರೊಂದಿಗೆ.

ಹರಿವು ಒಂದೇ ದಿನದಲ್ಲಿ ಕುಸಿದಿದ್ದರೆ ಪಂಪಿನ ಜಾಳಿಗೆಗೆ ಏನೋ ಅಡ್ಡ ಬಂದಿದೆ. ನಮ್ಮ ಹಿತ್ತಲ ಬೇವಿನ ಮರ ಎಲೆ ಉದುರಿಸುವ ದಿನಗಳಲ್ಲಿ ಈ ಜಾಳಿಗೆಯನ್ನು ದಿನ ಬಿಟ್ಟು ದಿನ ತೆಗೆದು ತೊಳೆಯಬೇಕಾಗುತ್ತದೆ. ಹರಿವು ತಿಂಗಳುಗಟ್ಟಲೆ ಮೆಲ್ಲಗೆ ಇಳಿದಿದ್ದರೆ ಕಾರಣ ಸುಣ್ಣ. ನಮ್ಮ ಭಾಗದ ಬೋರ್ ನೀರು ಎಷ್ಟು ಗಡುಸೆಂಬುದನ್ನು ಚಹಾ ಕಾಯಿಸುವ ಪಾತ್ರೆಯ ತಳ ನೋಡಿದರೇ ತಿಳಿಯುತ್ತದೆ. ಅದೇ ಬಿಳಿ ಪದರ ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರದ, ಅಂದರೆ ಇಂಪೆಲ್ಲರಿನ, ಮೇಲೂ ಕಟ್ಟುತ್ತದೆ. ಮುಂದಿನ ಮುಚ್ಚಳ ತಿರುಗಿಸಿ ಇಂಪೆಲ್ಲರನ್ನು ಹೊರಗೆಳೆದು, ಒಂದು ಗಂಟೆ ವಿನೆಗರಿನಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಸುಣ್ಣ ಬಿಡುತ್ತದೆ. ನಡುವಿನ ಪಿಂಗಾಣಿ ಕಡ್ಡಿಯನ್ನು ಜೋಪಾನವಾಗಿ ಹಿಡಿಯಬೇಕು. ಅದು ಮುರಿದರೆ ಪಂಪು ಗುಜರಿಗೇ. ಪಂಪು ಗುಂಯ್ ಎನ್ನುತ್ತಿದ್ದರೂ ನೀರೇ ಬಾರದಿದ್ದರೆ ಇಂಪೆಲ್ಲರ್ ಸಿಕ್ಕಿಕೊಂಡಿರಬೇಕು ಅಥವಾ ಒಳಗೆ ಗಾಳಿ ಕೂತಿರಬೇಕು. ಎರಡನೆಯದಾದರೆ ಪಂಪನ್ನು ನೀರಿನೊಳಗೇ ಓರೆ ಮಾಡಿ ಗುಳ್ಳೆ ಬಿಡಿಸಿದರೆ ಸಾಕು.

ಒಂದನೆಯ ಬ್ಯಾರಲ್ ತುಂಬಿ ಚೆಲ್ಲುವುದು, ಇಲ್ಲವೇ ಕಸ ಹಿಡಿಯದಿರುವುದು

ಪಂಪು ನೀರನ್ನು ಒತ್ತಿ ತಳ್ಳುತ್ತದೆ, ಆದರೆ ಬ್ಯಾರಲ್ಲಿನಿಂದ ಬ್ಯಾರಲ್ಲಿಗೆ ನೀರು ಹೋಗುವುದು ಬರಿಯ ಇಳಿಜಾರಿನ ಬಲದಿಂದ. ಒಳಬರುವ ಪೈಪು ಒಂದೂವರೆ ಇಂಚು ಇದ್ದರೆ ನಡುವಿನ ಪೈಪುಗಳು ಮೂರು ಇಂಚು ಇರಬೇಕು. ಎರಡನ್ನೂ ಒಂದೇ ಅಳತೆಯಲ್ಲಿ ಹಾಕಿದವರ ಒಂದನೆಯ ಬ್ಯಾರಲ್ ಮೊದಲ ದಿನವೇ ಚೆಲ್ಲುತ್ತದೆ. ಮೊದಲು ಚೆಲ್ಲದೆ ಎರಡು ವಾರದ ನಂತರ ಚೆಲ್ಲತೊಡಗಿದರೆ ಎರಡನೆಯ ಬ್ಯಾರಲ್ಲಿನ ಫೋಮ್ ಕಟ್ಟಿಕೊಂಡಿದೆ ಎಂದು ತಿಳಿಯಬೇಕು. ಮೂರೂ ಬ್ಯಾರಲ್ಲುಗಳ ನೀರಿನ ಮಟ್ಟವನ್ನು ಒಂದಕ್ಕೊಂದು ಹೋಲಿಸಿದರೆ ಅಡ್ಡಿ ಯಾವ ಎರಡರ ನಡುವೆ ಇದೆ ಎಂಬುದು ಕಣ್ಣಿಗೇ ಕಾಣುತ್ತದೆ: ಮಟ್ಟ ಎಲ್ಲಿ ಒಮ್ಮೆಲೇ ಕೆಳಗಿಳಿದಿದೆಯೋ ಅದರ ಹಿಂದೆಯೇ ಕಸ ಕೂತಿರುತ್ತದೆ.

ಚೆಲ್ಲದೆ ಇದ್ದರೂ ಒಂದನೆಯ ಬ್ಯಾರಲ್ ತನ್ನ ಕೆಲಸ ಮಾಡದಿರಬಹುದು. ತಳದ ವಾಲ್ವ್ ತೆರೆದಾಗ ರಾಡಿ ಬಾರದೆ ತಿಳಿ ನೀರೇ ಬರುತ್ತಿದ್ದು, ಎರಡನೆಯ ಬ್ಯಾರಲ್ಲಿನ ಫೋಮ್ ಮಾತ್ರ ನಾಲ್ಕು ದಿನಕ್ಕೇ ಕಟ್ಟುತ್ತಿದ್ದರೆ ಕಸಕ್ಕೆ ಕೂರಲು ಬಿಡುವು ಸಿಗುತ್ತಿಲ್ಲ ಎಂದರ್ಥ. ಗಂಟೆಗೆ 3,600 ಲೀಟರ್ ಹರಿಯುವಾಗ 200 ಲೀಟರಿನ ಬ್ಯಾರಲ್ಲಿನಲ್ಲಿ ನೀರು ನಿಲ್ಲುವುದೇ ಮೂರು ನಿಮಿಷ ಚಿಲ್ಲರೆ. ಅಷ್ಟರಲ್ಲಿ ಅದು ಶಾಂತವಾಗಬೇಕು. ಈ ವಿಚಾರವನ್ನು ನಮ್ಮ ಊರಿನಲ್ಲಿ ಬೇರೆಯವರಿಂದ ಕಲಿಯಬೇಕಾಗಿಲ್ಲ. 1651ರಲ್ಲಿ ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಕಟ್ಟಿದ ಬೇಗಂ ತಲಾಬಿನಿಂದ ಊರೊಳಗೆ ಮಣ್ಣಿನ ಕೊಳವೆಗಳಲ್ಲಿ ನೀರು ತಂದವರು, ದಾರಿಯಲ್ಲಿ ಗಂಜ್ ಎಂದು ಕರೆಯುವ ಕಲ್ಲಿನ ಗೋಪುರಗಳನ್ನು ನಿಲ್ಲಿಸಿದ್ದರು. ಕೊಳವೆಯ ಒತ್ತಡ ಅಲ್ಲಿ ಮುರಿಯುತ್ತಿತ್ತು, ನೀರಿನೊಡನೆ ಬಂದ ಹೂಳು ಅಲ್ಲಿಯೇ ತಂಗುತ್ತಿತ್ತು. ಒಂದನೆಯ ಬ್ಯಾರಲ್ ಮಾಡಬೇಕಾದದ್ದೂ ಈ ಎರಡು ಕೆಲಸಗಳನ್ನೇ. ಒಳಬರುವ ಪೈಪಿನ ತುದಿಗೆ ಒಂದು ಎಲ್ಬೋ ಹಾಕಿ, ನೀರು ಬ್ಯಾರಲ್ಲಿನ ಗೋಡೆಗುಂಟ ಸುತ್ತು ಹಾಕುವಂತೆ ತಿರುಗಿಸಿ, ಹೊರಹೋಗುವ ದಾರಿಯನ್ನು ಮೇಲ್ಭಾಗದ ನಡುವಿಗೆ ಇಟ್ಟರೆ ಕಸ ತಿರುಗುತ್ತ ತಿರುಗುತ್ತ ತಳದ ಮಧ್ಯಕ್ಕೆ ಸೇರುತ್ತದೆ. ವಾಲ್ವನ್ನು ವಾರಕ್ಕೆ ಎರಡು ಸಲ ತೆರೆದು, ಕಪ್ಪು ರಾಡಿ ನಿಂತು ತಿಳಿ ನೀರು ಕಾಣುವವರೆಗೆ ಬಿಟ್ಟರೆ ಸಾಕು. ಆ ರಾಡಿಯನ್ನು ಕರಿಬೇವಿನ ಗಿಡಕ್ಕೆ ಹಾಕಿ. ನಮ್ಮ ಗಿಡ ಆಳೆತ್ತರ ಬೆಳೆದಿರುವುದು ಅದರಿಂದಲೇ.

ನೀರಿನ ಬಣ್ಣ ಕೆಟ್ಟರೆ

ಹರಿವು ಸರಿಯಾಗಿದ್ದೂ ಕೊಳದ ತಳ ಕಾಣದಿದ್ದರೆ, ಒಂದು ಗಾಜಿನ ಉಪ್ಪಿನಕಾಯಿ ಭರಣಿಯಲ್ಲಿ ಕೊಳದ ನೀರು ತುಂಬಿ ಕಿಟಕಿಯ ಬಳಿ ಒಂದು ದಿನ ಅಲುಗಾಡಿಸದೆ ಇಡಬೇಕು. ತಳದಲ್ಲಿ ಕಂದು ಪದರ ಕೂತು ಮೇಲಿನ ನೀರು ತಿಳಿಯಾದರೆ ಅದು ಕೂರಬಲ್ಲ ಕಸ. ದೋಷ ಒಂದನೆಯ ಮತ್ತು ಎರಡನೆಯ ಬ್ಯಾರಲ್ಲುಗಳಲ್ಲಿದೆ. ನೀರು ಹಸಿರಾಗಿಯೇ ಉಳಿದರೆ ಅದು ತೇಲುವ ಪಾಚಿ. ಹಾಲು ಬೆರೆಸಿದಂತೆ ಬೆಳ್ಳಗೆ ಉಳಿದರೆ ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚಿದೆ. ಹೊಸ ಕೊಳದಲ್ಲಿ, ಇಲ್ಲವೇ ಆಹಾರ ಅತಿಯಾದಾಗ ಹೀಗಾಗುತ್ತದೆ, ಆಹಾರ ನಿಲ್ಲಿಸಿದರೆ ಕೆಲವು ದಿನಗಳಲ್ಲಿ ತಾನಾಗಿಯೇ ತಿಳಿಯಾಗುತ್ತದೆ. ಬೂದು ಬಣ್ಣ ಉಳಿದು ಏನೂ ಕೂರದಿದ್ದರೆ ಎರೆಮಣ್ಣಿನ ದೂಳು ಬಿದ್ದಿದೆ. ಬೇಸಿಗೆಯ ಗಾಳಿಯ ನಂತರ ನಮ್ಮಲ್ಲಿ ಇದು ಸಾಮಾನ್ಯ. ಕುಡಿಯುವ ನೀರಿಗೆ ಹಿರಿಯರು ಪಟಿಕ ತೇಯುತ್ತಿದ್ದರೆಂದು ಕೊಳಕ್ಕೂ ಪಟಿಕ ಹಾಕುವವರಿದ್ದಾರೆ. ಮಣ್ಣೇನೋ ಕೂರುತ್ತದೆ, ಆದರೆ ಪಟಿಕ ನೀರಿನ ಕ್ಷಾರಗುಣವನ್ನು ತಿನ್ನುತ್ತದೆ. ಮೀನಿರುವ ಕೊಳಕ್ಕೆ ಅದನ್ನು ಹಾಕಬೇಡಿ. ಎರಡನೆಯ ಬ್ಯಾರಲ್ಲಿನ ಬಾಯಿಗೆ ದಪ್ಪ ಫೈಬರ್ ಹತ್ತಿಯ ಒಂದು ಪದರ ಹಾಸಿ ದಿನವೂ ಬದಲಿಸಿದರೆ ಸಾಕು.

ತೇಲುವ ಪಾಚಿಯನ್ನು ಯಾವ ಫೋಮೂ ಹಿಡಿಯಲಾರದು, ಅದರ ಒಂದೊಂದು ಕಣವೂ ಅಷ್ಟು ಸಣ್ಣದು. ಅದಕ್ಕೆ ಎರಡನೆಯ ಮತ್ತು ಮೂರನೆಯ ಬ್ಯಾರಲ್ಲುಗಳ ನಡುವೆ ಯುವಿ (ಅತಿನೇರಳೆ ಕಿರಣದ) ದೀಪ ಬೇಕು. ಯುವಿ ಇದ್ದೂ ನೀರು ಹಸಿರಾದರೆ ಎರಡು ಕಡೆ ನೋಡಬೇಕು. ದೀಪ ಉರಿಯುತ್ತಿರುವುದು ಕಂಡ ಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆ ಎನ್ನುವಂತಿಲ್ಲ. ಪಾಚಿಯನ್ನು ಕೊಲ್ಲುವ ಕಿರಣ ಕಣ್ಣಿಗೆ ಕಾಣದು, ಹಗಲೂ ರಾತ್ರಿ ಉರಿದ ದೀಪದಲ್ಲಿ ಅದು ಸುಮಾರು ಒಂದು ವರ್ಷಕ್ಕೆ ಕ್ಷೀಣಿಸುತ್ತದೆ. ಎರಡನೆಯದು ದೀಪದ ಸುತ್ತಲಿನ ಕ್ವಾರ್ಟ್ಜ್ ಕೊಳವೆ. ಗಡುಸು ನೀರು ಅದರ ಮೇಲೆ ಸುಣ್ಣದ ಪರದೆ ಎಳೆದಿರುತ್ತದೆ. ನಿಂಬೆಹಣ್ಣಿನ ಹೋಳಿನಿಂದ ತಿಕ್ಕಿದರೆ ಹೋಗುತ್ತದೆ. ಉರಿಯುವ ಯುವಿ ದೀಪವನ್ನು ಬರಿಗಣ್ಣಿನಿಂದ ಎಂದೂ ನೋಡಬಾರದು. ಇವೆಲ್ಲಕ್ಕಿಂತ ಅಗ್ಗದ ಉಪಾಯವೆಂದರೆ ನೆರಳು. ಒಣದ್ರಾಕ್ಷಿ ಶೆಡ್ಡುಗಳಿಗೆ ಕಟ್ಟುವ ಹಸಿರು ನೆಟ್ ನಮ್ಮ ಜಿಲ್ಲೆಯಲ್ಲಿ ಎಲ್ಲೆಂದರಲ್ಲಿ ಸಿಗುತ್ತದೆ. ಅದನ್ನು ಕೊಳದ ಮೇಲೆ ಕಟ್ಟಿದ ವರ್ಷ ನಾನು ಯುವಿ ದೀಪದ ಮುಖವನ್ನೇ ನೋಡಲಿಲ್ಲ.

ನೀರು ತಿಳಿ, ಮೀನಿಗೆ ಸಂಕಟ

ಈ ದೋಷ ಎಲ್ಲಕ್ಕಿಂತ ಮೋಸದ್ದು. ಎರಡು ವರ್ಷಗಳ ಹಿಂದಿನ ಏಪ್ರಿಲಿನಲ್ಲಿ ಪಕ್ಕದ ಮನೆಯ ಕಾಕಾ ಬೆಳಿಗ್ಗೆ ಬಂದು ಕೊಳದ ದಂಡೆಯಲ್ಲಿ ಕೂತು, “ನೀರ ಇಷ್ಟ ತಿಳಿ ಅದಾವ, ಮತ್ತ ಮೀನ ಯಾಕ ಒದ್ದಾಡಾಕತ್ತಾವೋ ತಮ್ಮಾ?” ಎಂದು ಕೇಳಿದರು. ಮೀನುಗಳು ನೀರು ಬೀಳುವ ಜಾಗದಲ್ಲಿ ಗುಂಪುಗೂಡಿದ್ದವು, ರೆಕ್ಕೆಗಳನ್ನು ಮೈಗೆ ಒತ್ತಿಕೊಂಡಿದ್ದವು. ಒಂದೆರಡು ಮೀನುಗಳು ಆಗಾಗ ಗೋಡೆಗೆ ಮೈ ಉಜ್ಜುತ್ತಿದ್ದವು. ಬಕೆಟ್ಟಿನ ಅಳತೆಯಲ್ಲಿ ಹರಿವು ಸರಿಯಾಗಿತ್ತು. ಹನಿ ಹಾಕಿ ನೋಡುವ ಕಿಟ್ಟಿನಲ್ಲಿ ಅಮೋನಿಯಾ ಪರೀಕ್ಷಿಸಿದಾಗ ಹಳದಿಯಾಗಿ ಉಳಿಯಬೇಕಾಗಿದ್ದ ನೀರು ಐದು ನಿಮಿಷದಲ್ಲಿ ಗಿಳಿಹಸಿರಾಯಿತು: ಲೀಟರಿಗೆ 1 ಮಿಲಿಗ್ರಾಂ.

ಕಾರಣ ನಾನೇ. ಮೂರು ದಿನಗಳ ಹಿಂದೆ ಮನೆಗೆ ಬೀಗರು ಬರುವವರಿದ್ದರೆಂದು ಎಲ್ಲವನ್ನೂ ಚೊಕ್ಕ ಮಾಡುವ ಹುರುಪಿನಲ್ಲಿ ಮೂರನೆಯ ಬ್ಯಾರಲ್ಲಿನ ಉಳ್ಳಾಗಡ್ಡಿ ಚೀಲಗಳನ್ನೆಲ್ಲ ಹೊರತೆಗೆದು, ನಳದ ನೀರನ್ನು ಪೈಪಿನಿಂದ ಜೋರಾಗಿ ಬಿಟ್ಟು, ಇಟ್ಟಂಗಿ ಚೂರು ಹೊಸದರಂತೆ ಹೊಳೆಯುವವರೆಗೆ ತೊಳೆದಿದ್ದೆ. ತೊಳೆದು ಹೋದದ್ದು ಕೊಳೆಯಲ್ಲ, ಒಂದು ವರ್ಷ ಬೆಳೆದ ಬ್ಯಾಕ್ಟೀರಿಯಾ. ಅಂಟಿಕೊಂಡಿದ್ದಷ್ಟನ್ನು ನಳದ ನೀರಿನ ಕ್ಲೋರಿನ್ ಮುಗಿಸಿತ್ತು.

ಮೀನು ತಿಂದದ್ದರ ಸಾರಜನಕ ಬಹುಪಾಲು ಕಿವಿರುಗಳ ಮೂಲಕ ಅಮೋನಿಯಾ ಆಗಿ ಹೊರಬರುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ಅದನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ದಿನಕ್ಕೆ 100 ಗ್ರಾಂ ಆಹಾರ ಹಾಕಿದರೆ ಸರಿಸುಮಾರು 3 ಗ್ರಾಂ ಅಮೋನಿಯಾ ಹುಟ್ಟುತ್ತದೆ. ನನ್ನ ಕೊಳದ ನೀರಿಗೆ ಹಂಚಿದರೆ ಲೀಟರಿಗೆ ದಿನಕ್ಕೆ 0.4 ಮಿಲಿಗ್ರಾಂ. ಮೂರನೆಯ ಬ್ಯಾರಲ್ ಸತ್ತುಹೋದರೆ ಮೂರೇ ದಿನಕ್ಕೆ ಒಂದು ಮಿಲಿಗ್ರಾಂ ದಾಟುವುದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಊರಿನಲ್ಲಿ ಈ ಒಂದು ಮಿಲಿಗ್ರಾಂ ಬೇರೆ ಊರಿನದಕ್ಕಿಂತ ಹೆಚ್ಚು ವಿಷ. ಅಮೋನಿಯಾದಲ್ಲಿ ಮೀನನ್ನು ಸುಡುವ ಭಾಗ ಎಷ್ಟು ಎಂಬುದು ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಮತ್ತು ಬಿಸಿಯನ್ನು ಅವಲಂಬಿಸಿದೆ. ನೀರು 30 ಡಿಗ್ರಿ ಇದ್ದಾಗ, ಪಿಎಚ್ 7ರಲ್ಲಿ ಆ ಭಾಗ ನೂರಕ್ಕೆ ಒಂದಕ್ಕಿಂತ ಕಡಿಮೆ, ಪಿಎಚ್ 8ರಲ್ಲಿ ಏಳೆಂಟು, 8.5ರಲ್ಲಿ ಸುಮಾರು ಇಪ್ಪತ್ತು. ಅಂದಿನ ಪಿಎಚ್ 8.5. ಅಂದರೆ ಸುಡುವ ಅಮೋನಿಯಾ 0.2 ಮಿಲಿಗ್ರಾಂ. ಅದು 0.05 ದಾಟಿದರೇ ಕಿವಿರುಗಳಿಗೆ ಪೆಟ್ಟು ಬೀಳುತ್ತದೆ. ಗಡುಸು ಬೋರ್ ನೀರು, ಏಪ್ರಿಲಿನ ಬಿಸಿಲು, ಎರಡೂ ಕೂಡಿದಾಗ ಕಿಟ್ಟಿನ ಅಂಕಿಯನ್ನು ಒಂಟಿಯಾಗಿ ಓದಬಾರದು, ಪಿಎಚ್ ಜೊತೆಗಿಟ್ಟು ಓದಬೇಕು.

ಮಾಡಬೇಕಾದದ್ದು ಇಷ್ಟು. ಆಹಾರವನ್ನು ಪೂರ್ತಿ ನಿಲ್ಲಿಸಬೇಕು. ಆರೋಗ್ಯವಾಗಿರುವ ದೊಡ್ಡ ಕೋಯಿ ಒಂದೆರಡು ವಾರ ಉಪವಾಸವಿದ್ದರೆ ಸಾಯುವುದಿಲ್ಲ. ದಿನಕ್ಕೆ ಕಾಲು ಭಾಗದಷ್ಟು ನೀರು ಬದಲಿಸಬೇಕು, ಆ ನೀರು ನಳದ್ದಾದರೆ ತೆರೆದ ಟಾಕಿಯಲ್ಲಿ ಗಾಳಿಕಲ್ಲು (ಗಾಳಿ ಯಂತ್ರದ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ಕಲ್ಲು) ಹಾಕಿ ಒಂದು ದಿನ ಇಟ್ಟು ಕ್ಲೋರಿನ್ ಹಾರಿಸಿರಬೇಕು, ಅವಸರವಿದ್ದರೆ ಹೈಪೋ ಹಾಕಿರಬೇಕು. ಹೈಪೋ ಎಂದರೆ ಸೋಡಿಯಂ ಥಯೋಸಲ್ಫೇಟ್ ಹರಳು. ಚೀಲಗಳನ್ನು ಮತ್ತೆ ಮುಟ್ಟಬಾರದು. ಬೇರೆ ಯಾರದಾದರೂ ಹಳೆಯ, ರೋಗವಿಲ್ಲದ ಕೊಳವಿದ್ದರೆ ಅಲ್ಲಿಂದ ಒಂದು ಚೀಲ ಮೀಡಿಯಾವನ್ನು, ಅಂದರೆ ಬ್ಯಾಕ್ಟೀರಿಯಾ ಕೂತ ನಾರು, ಚೂರುಗಳನ್ನು, ಒದ್ದೆಯಾಗಿಯೇ ತಂದು ಮೂರನೆಯ ಬ್ಯಾರಲ್ಲಿಗೆ ಹಾಕಿದರೆ ಮೊಸರಿಗೆ ಹೆಪ್ಪು ಹಾಕಿದಂತೆ. ಹೆಪ್ಪಿಲ್ಲದೆ ಹೊಸ ಬ್ಯಾರಲ್ ಸಿದ್ಧವಾಗಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ಎರಡನೆಯ ವಾರದ ಹೊತ್ತಿಗೆ ಅಮೋನಿಯಾ ಇಳಿಯಿತೆಂದು ನಿಟ್ಟುಸಿರು ಬಿಡುವಷ್ಟರಲ್ಲಿ ನೈಟ್ರೈಟ್ ಏರುತ್ತದೆ, ಏಕೆಂದರೆ ಎರಡನೆಯ ಗುಂಪಿನ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುತ್ತದೆ. ನೈಟ್ರೈಟ್ ಮೀನಿನ ರಕ್ತಕ್ಕೆ ಸೇರಿ ಆಮ್ಲಜನಕ ಹೊರುವ ಶಕ್ತಿಯನ್ನು ಕಸಿಯುತ್ತದೆ. ಕಿವಿರು ಕೆಂಪು ಬಿಟ್ಟು ಕಂದು ಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ಮಾತ್ರ ಸುರಿಯುವಂಥ ಮದ್ದೊಂದು ಇದೆ, ಅದು ಅಡುಗೆಮನೆಯ ಕಲ್ಲುಪ್ಪು. ಸಾವಿರ ಲೀಟರಿಗೆ ಒಂದು ಕಿಲೋದಂತೆ, ಬಕೆಟ್ಟಿನಲ್ಲಿ ಕರಗಿಸಿ, ಎರಡು ದಿನಗಳಲ್ಲಿ ಹಂತ ಹಂತವಾಗಿ ಹಾಕಿದರೆ ಉಪ್ಪಿನ ಕ್ಲೋರೈಡು ನೈಟ್ರೈಟಿಗೆ ಕಿವಿರಿನ ಬಾಗಿಲು ಅಡ್ಡಹಿಡಿಯುತ್ತದೆ. ನೀರು ಆವಿಯಾದರೂ ಉಪ್ಪು ಕೊಳದಲ್ಲೇ ಉಳಿಯುತ್ತದೆ. ನೀರು ಬದಲಿಸಿದಷ್ಟಕ್ಕೆ ಮಾತ್ರ ಮತ್ತೆ ಹಾಕಬೇಕು.

ಯಾರೂ ತೊಳೆಯದಿದ್ದರೂ ಅಮೋನಿಯಾ ಕಾಣಿಸಿದರೆ ಪಂಪು ನಿಲ್ಲಿಸಿ ಚೀಲಗಳನ್ನು ಒಂದೊಂದಾಗಿ ಎತ್ತಿ ಮೂಸಿ ನೋಡಬೇಕು. ಜಿಗುಟಾದ ಕಂದು ಲೋಳೆಯಿದ್ದು ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಆ ಚೀಲ ಜೀವಂತವಾಗಿದೆ. ಕರಿ ರಾಡಿ ತುಂಬಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿಗೆ ನೀರೇ ತಲುಪುತ್ತಿಲ್ಲ. ನೀರು ಸುಲಭದ ಒಂದು ದಾರಿ ಹಿಡಿದು ಉಳಿದ ಚೀಲಗಳನ್ನು ಬಿಟ್ಟು ಹೋಗುತ್ತಿದೆ. ಚೀಲಗಳನ್ನು ಸಡಿಲವಾಗಿ ಜೋಡಿಸಿ, ತಳದಿಂದ ಒಂದು ಗೇಣು ಮೇಲೆ ಜಾಳಿಗೆಯ ಮೇಲೆ ಕೂರಿಸಿ, ಕೆಳಗೆ ಗಾಳಿಕಲ್ಲು ಇಡಬೇಕು. ಕರಿಯಾದವನ್ನು ಕೊಳದ ನೀರು ತುಂಬಿದ ಬಕೆಟ್ಟಿನಲ್ಲೇ ಅದ್ದಿ ಅಲುಗಾಡಿಸಿ ತೊಳೆಯಬೇಕು, ಒಂದು ಸಲಕ್ಕೆ ಮೂರನೆಯ ಒಂದು ಭಾಗದಷ್ಟು ಮಾತ್ರ.

ಕಿಟ್ಟಿನಲ್ಲಿ ಎಲ್ಲವೂ ಸೊನ್ನೆ ಬಂದು, ಮೀನು ಮಾತ್ರ ನಸುಕಿನಲ್ಲಿ ಮೇಲೆ ಬಂದು ಬಾಯಿ ಬಡಿಯುತ್ತಿದ್ದು ಹೊತ್ತೇರಿದ ಮೇಲೆ ಸರಿಹೋಗುತ್ತಿದ್ದರೆ ಅದು ಆಮ್ಲಜನಕದ ಕೊರತೆ. ಹಗಲು ಆಮ್ಲಜನಕ ಕೊಡುವ ಪಾಚಿ ರಾತ್ರಿ ಅದನ್ನೇ ಉಸಿರಾಡುತ್ತದೆ, ಅದರ ಮೇಲೆ ಬಿಸಿ ನೀರಿಗೆ ಹಿಡಿಸುವುದೇ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆ ಹಿಡಿಯುತ್ತದೆ.

ಪಿಎಚ್ ಕುಸಿತ

ಬೋರ್ ನೀರು ಬಳಸುವ ನಮಗೆ ಇದು ಅಪರೂಪ. ಬೆಳಗಾವಿಯಲ್ಲಿರುವ ಗೆಳೆಯನೊಬ್ಬ ಮಳೆಗಾಲದಲ್ಲಿ ಮಾಳಿಗೆಯ ನೀರನ್ನೆಲ್ಲ ಕೊಳಕ್ಕೆ ತಿರುಗಿಸಿದ್ದ. ಆಗಸ್ಟಿನಲ್ಲಿ ಅವನ ಫಿಲ್ಟರ್ ಯಾವ ಕಾರಣವೂ ಕಾಣದೆ ಕೆಲಸ ನಿಲ್ಲಿಸಿತು. ಫೋನಿನಲ್ಲಿ ಅರ್ಧ ಗಂಟೆ ಪಂಪು, ಪೈಪು ಎಂದು ಅಲೆದಾಡಿದ ಮೇಲೆ ಕೆಎಚ್, ಅಂದರೆ ಪಿಎಚ್ ಕುಸಿಯದಂತೆ ತಡೆಯುವ ಕ್ಷಾರಗುಣದ ಅಳತೆ, ನೋಡಲು ಹೇಳಿದೆ. ಒಂದು ಡಿಗ್ರಿಯೂ ಇರಲಿಲ್ಲ, ಪಿಎಚ್ 6ರ ಕೆಳಗಿತ್ತು. ಬ್ಯಾಕ್ಟೀರಿಯಾ ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ಮುಗಿಸಲು ಸುಣ್ಣದ ಲೆಕ್ಕದಲ್ಲಿ 7 ಗ್ರಾಂ ಕ್ಷಾರ ಗುಣವನ್ನು ತಿನ್ನುತ್ತದೆ. ಮೇಲೆ ಹೇಳಿದ 3 ಗ್ರಾಂ ಲೆಕ್ಕದಲ್ಲಿ ನೀರು ಬದಲಿಸದೆ ಇದ್ದರೆ ನನ್ನ ಕೊಳದ ಕೆಎಚ್ ಒಂದು ತಿಂಗಳಲ್ಲಿ ಐದು ಡಿಗ್ರಿ ಇಳಿಯುತ್ತದೆ. ಮಳೆ ನೀರಿನಲ್ಲಿ ಆ ಗುಣ ಇರುವುದೇ ಇಲ್ಲ. ಆರ್‌ಒ ನೀರಿನಲ್ಲೂ ಅಷ್ಟೇ. ಸಾವಿರ ಲೀಟರಿಗೆ 30 ಗ್ರಾಂ ಅಡುಗೆ ಸೋಡಾ ಹಾಕಿದರೆ ಕೆಎಚ್ ಒಂದು ಡಿಗ್ರಿ ಏರುತ್ತದೆ. ದಿನಕ್ಕೆ ಒಂದು ಡಿಗ್ರಿಗಿಂತ ಹೆಚ್ಚು ಏರಿಸಬಾರದು, ಏಕೆಂದರೆ ಪಿಎಚ್ ಹಠಾತ್ತನೆ ಏರಿದರೆ ಅಲ್ಲಿಯವರೆಗೆ ತಣ್ಣಗಿದ್ದ ಅಮೋನಿಯಾ ಎಚ್ಚರಗೊಳ್ಳುತ್ತದೆ.

ಕರೆಂಟ್ ಹೋಗಿ ಬಂದ ಮೇಲೆ

ಹರಿವು ನಿಂತ ಮೂರನೆಯ ಬ್ಯಾರಲ್ಲಿನಲ್ಲಿ ಬ್ಯಾಕ್ಟೀರಿಯಾ ಉಳಿದ ಆಮ್ಲಜನಕವನ್ನು ಬೇಗ ಮುಗಿಸುತ್ತದೆ. ನಾಲ್ಕೈದು ಗಂಟೆಗಿಂತ ಹೆಚ್ಚು ಹೊತ್ತು ಪಂಪು ನಿಂತಿದ್ದರೆ, ಮತ್ತೆ ಚಾಲೂ ಮಾಡುವ ಮೊದಲು ಬ್ಯಾರಲ್ಲುಗಳ ನಿಂತ ನೀರನ್ನು ಗಿಡಗಳಿಗೆ ಬಿಡಬೇಕು. ಇಲ್ಲದಿದ್ದರೆ ಆ ಕೊಳೆತ ನೀರು ಒಮ್ಮೆಲೇ ಮೀನುಗಳ ಮೇಲೆ ಬೀಳುತ್ತದೆ. ಕರೆಂಟ್ ಬಂದ ಮರುದಿನ ಮೀನು ಸತ್ತಿತೆಂದು ಕೇಳಿದಾಗ ನಾನು ಮೊದಲು ವಿಚಾರಿಸುವುದು ಇದನ್ನೇ. ಪಂಪಿಗೆ ಬೇಡವಾದರೂ ಗಾಳಿ ಯಂತ್ರಕ್ಕೆ ಮನೆಯ ಇನ್ವರ್ಟರಿನಿಂದ ಒಂದು ಲೈನು ಎಳೆದುಕೊಂಡರೆ ಈ ತೊಂದರೆಯೇ ಇಲ್ಲ.

ಕರೆಂಟ್ ಹೋದಾಗ ಕೊಳ ತುಂಬಿ ಹರಿದು ಒಂದನೆಯ ಬ್ಯಾರಲ್ ಬರಿದಾಗಿದ್ದರೆ, ಒಳಬರುವ ಪೈಪಿನ ತುದಿ ಬ್ಯಾರಲ್ಲಿನ ನೀರಿನೊಳಗೆ ಮುಳುಗಿದ್ದು ನೀರು ಅದೇ ದಾರಿಯಲ್ಲಿ ಹಿಂದಕ್ಕೆ ಇಳಿದಿದೆ. ಆ ಪೈಪಿಗೆ ಬ್ಯಾರಲ್ಲಿನ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಬ್ಯಾರಲ್ಲಿನ ಒಳಮುಖವಾಗಿ, ಕಡಲೆಕಾಳಿನಷ್ಟು ಒಂದು ತೂತು ಕೊರೆದರೆ ಪಂಪು ನಿಂತೊಡನೆ ಗಾಳಿ ಹೊಕ್ಕು ಹರಿವು ಕಡಿಯುತ್ತದೆ.

ನೀರಿನ ಮಟ್ಟ ಇಳಿಯುತ್ತಿದ್ದರೆ

ನಮ್ಮ ಬೇಸಿಗೆಯಲ್ಲಿ ಕೊಳದ ನೀರು ದಿನಕ್ಕೆ ಸುಮಾರು ಒಂದು ಸೆಂಟಿಮೀಟರ್ ಆವಿಯಾಗುವುದು ಸಹಜ. ಅದಕ್ಕಿಂತ ಹೆಚ್ಚು ಇಳಿಯುತ್ತಿದೆ ಎಂಬ ಅನುಮಾನವಿದ್ದರೆ, ಕೊಳದ ನೀರನ್ನೇ ತುಂಬಿದ ಒಂದು ಬಕೆಟ್ಟನ್ನು ಕೊಳದೊಳಗಿನ ಮೆಟ್ಟಿಲ ಮೇಲಿಟ್ಟು, ಬಕೆಟ್ಟಿಗೂ ಕೊಳಕ್ಕೂ ಗೆರೆ ಹಾಕಿ, ಒಂದು ದಿನದ ನಂತರ ಎರಡನ್ನೂ ಹೋಲಿಸಬೇಕು. ಎರಡೂ ಸಮನಾಗಿ ಇಳಿದಿದ್ದರೆ ಅದು ಬಿಸಿಲು. ಕೊಳ ಹೆಚ್ಚು ಇಳಿದಿದ್ದರೆ ಮರುದಿನ ಪಂಪನ್ನು ಆರಿಸಿ, ಗಾಳಿ ಯಂತ್ರವನ್ನು ಮಾತ್ರ ಓಡಿಸಿ, ಅದೇ ಪರೀಕ್ಷೆಯನ್ನು ಹಗಲಿನ ಕೆಲವು ಗಂಟೆ ಮಾಡಬೇಕು. ಆಗ ಇಳಿಯುವುದು ನಿಂತರೆ ಸೋರಿಕೆ ಫಿಲ್ಟರಿನಲ್ಲಿದೆ, ಕೊಳದ ಗಿಲಾವು ಕೆರೆಯುವ ಅಗತ್ಯವಿಲ್ಲ.

ಫಿಲ್ಟರಿನಲ್ಲಿ ಸೋರುವ ಜಾಗ ಬಹುಮಟ್ಟಿಗೆ ಒಂದೇ: ಬ್ಯಾರಲ್ಲಿನ ಬಾಗಿದ ಗೋಡೆಗೆ ಹಾಕಿದ ಟ್ಯಾಂಕ್ ನಿಪ್ಪಲ್, ಅಂದರೆ ಪೈಪನ್ನು ಗೋಡೆಗೆ ಕೂಡಿಸುವ ಜೋಡಣೆ. ಅದರ ಮುಖ ಚಪ್ಪಟೆ, ಬ್ಯಾರಲ್ಲಿನ ಗೋಡೆ ದುಂಡು. ಎಷ್ಟು ಬಿಗಿದರೂ ಎರಡು ಪಕ್ಕಗಳಲ್ಲಿ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಸಿಮೆಂಟು, ಎಂ-ಸೀಲ್ ಮೆತ್ತಿದರೆ ಒಂದು ತಿಂಗಳು ತಡೆಯುತ್ತದೆ, ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗಿ ಕುಗ್ಗಿದಾಗ ಮತ್ತೆ ಬಿಡುತ್ತದೆ. ಹಳೆಯ ಲಾರಿಯ ಟ್ಯೂಬಿನಿಂದ ಅಂಗೈಯಷ್ಟು ಅಗಲದ ಎರಡು ವಾಷರ್ ಕತ್ತರಿಸಿ, ಒಂದನ್ನು ಗೋಡೆಯ ಒಳಗೂ ಒಂದನ್ನು ಹೊರಗೂ ಕೂರಿಸಿ, ನಿಪ್ಪಲ್ಲನ್ನು ಕೈಯಲ್ಲಿ ಎಷ್ಟು ಬಿಗಿಯಲು ಸಾಧ್ಯವೋ ಅಷ್ಟು ಬಿಗಿದು, ಪಾನಾದಿಂದ ಅರ್ಧ ಸುತ್ತು ಮಾತ್ರ ಹೆಚ್ಚು ತಿರುಗಿಸಬೇಕು. ಅದಕ್ಕಿಂತ ಹೆಚ್ಚು ತಿರುಗಿಸಿದರೆ ರಬ್ಬರ್ ಪಕ್ಕಕ್ಕೆ ಹಿಂಡಿಕೊಂಡು ಹೊರಬಂದು, ಮೊದಲಿಗಿಂತ ಜೋರಾಗಿ ಸೋರುತ್ತದೆ.